ಚಿಕ್ಕ ಪಿಕಪ್ಪಿಗೆ ದೊಡ್ಡ ಎಂಜಿನ್

ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿಗೆ ಅಂಟಿಕೊಂಡಂತೆ ಮೊರೇನ್ ಎಂಬ ಪುಟ್ಟ ಪಟ್ಟಣವಿದೆ. 1980ರ ದಶಕದಲ್ಲಿ ಅಲ್ಲಿನ ಜನರಲ್ ಮೋಟರ್ಸ್ ಕಾರ್ಖಾನೆಯಿಂದ ಷೆವ್ರೊಲೆ ಎಸ್-10 ಎಂಬ ಚಿಕ್ಕ ಪಿಕಪ್ಪುಗಳು ಸಾಲುಸಾಲಾಗಿ ಹೊರಬರುತ್ತಿದ್ದವು. 2008ರ ಡಿಸೆಂಬರಿನಲ್ಲಿ ಆ ಕಾರ್ಖಾನೆಗೆ ಬೀಗ ಬಿತ್ತು. ಈಗ ಅದೇ ಸೂರಿನಡಿ ಚೀನಾದ ಫುಯಾವೊ ಕಂಪನಿ ಕಾರಿನ ಗಾಜು ತಯಾರಿಸುತ್ತದೆ. ‘ಅಮೆರಿಕನ್ ಫ್ಯಾಕ್ಟರಿ’ ಸಾಕ್ಷ್ಯಚಿತ್ರ ನೋಡಿದವರಿಗೆ ಜಾಗ ನೆನಪಿರುತ್ತದೆ. ಅಲ್ಲಿ ಹುಟ್ಟಿದ ಗಾಡಿಗಳು ಮಾತ್ರ ಇನ್ನೂ ಅಲ್ಲೊಂದು ಇಲ್ಲೊಂದು ಮನೆ ಮುಂದೆ ಉಳಿದುಕೊಂಡಿವೆ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಅವುಗಳ ಮಡ್‌ಗಾರ್ಡನ್ನು ತಿಂದು ಕೆಂಪಗೆ ಮಾಡಿದೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವುದೂ ಅಂಥದ್ದೇ ಒಂದು. ಶನಿವಾರ ಬೆಳಗ್ಗೆ ಗ್ಯಾರೇಜಿನ ಬಾಗಿಲು ಮೇಲಕ್ಕೆ ಸರಿದರೆ ಒಳಗೆ ಅಪ್ಪ, ಮಗಳು, ಒಂದು ಹಳೆಯ ರೇಡಿಯೊ. ಬಾನೆಟ್ ಬಿಚ್ಚಿ ಗೋಡೆಗೆ ಒರಗಿಸಿದ್ದಾರೆ. ಗಾಡಿಯ ಸ್ವಂತ ಎಂಜಿನ್, 2.8 ಲೀಟರಿನ ವಿ6, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮೂಲೆ ಸೇರಿದೆ. ಹೊಸದಿದ್ದಾಗಲೇ ಅದರ ಕಸುವು ಸುಮಾರು 110 ಅಶ್ವಶಕ್ತಿ. ಈಗ ಎಷ್ಟು ಉಳಿದಿದೆಯೋ ದೇವರೇ ಬಲ್ಲ. ಅದು ಕೂತಿದ್ದ ಗುಂಡಿಯನ್ನು ಮಗಳು ಡೀಸೆಲ್ಲು, ಬ್ರಷ್ಷು ಹಿಡಿದು ಉಜ್ಜಿ ಉಜ್ಜಿ ತೊಳೆದಿದ್ದಾಳೆ. ಮೂವತ್ತು ವರ್ಷದ ಜಿಡ್ಡು ಹೋದ ಮೇಲೆ ಚಾಸಿಯ ಕಪ್ಪು ಬಣ್ಣ ಅಲ್ಲಲ್ಲಿ ಇಣುಕುತ್ತಿದೆ.

ಹೊಸದಾಗಿ ಬರಲಿರುವ ಎಂಜಿನ್ನೂ ಹೊಸದೇನಲ್ಲ. ಗುಜರಿಗೆ ಬಿದ್ದ ದೊಡ್ಡ ಷೆವ್ರೊಲೆ ಸಿಲ್ವರಾಡೊ ಗಾಡಿಯಿಂದ ಬಿಚ್ಚಿ ತಂದ 5.3 ಲೀಟರಿನ ವಿ8. ಇಲ್ಲಿನ ಗುಜರಿ ಅಂಗಳಗಳಲ್ಲಿ ಪಾನಾ ನಮ್ಮದೇ, ಬೆವರೂ ನಮ್ಮದೇ. ಬಿಚ್ಚಿಕೊಂಡ ಮಾಲಿಗೆ ದುಡ್ಡು ಕೊಟ್ಟು ಹೊರಬರಬೇಕು. 1999ರಿಂದ ಸಿಲ್ವರಾಡೊ, ಟಾಹೊ, ಸಬರ್ಬನ್ ಎಂದು ಕಂಪನಿ ತನ್ನ ದೊಡ್ಡ ಗಾಡಿಗಳಿಗೆಲ್ಲ ಈ ವಂಶದ ಎಂಜಿನ್ನುಗಳನ್ನು ಕೂರಿಸುತ್ತ ಹೋಯಿತು. ಹಾಗಾಗಿ ಯಾವ ಗುಜರಿಯಲ್ಲಿ ಕೇಳಿದರೂ ಸಿಗುತ್ತದೆ, ಅಗ್ಗವಾಗಿಯೂ ಸಿಗುತ್ತದೆ. ಬ್ಲಾಕು ಎರಕದ ಕಬ್ಬಿಣದ್ದು. 2000ದ ಆಚೀಚಿನ ಮಾದರಿಗಳಲ್ಲಿ ಶಕ್ತಿ 270ರಿಂದ 285. ಚಿಕ್ಕ ಗಾಡಿಗೆ ಒಮ್ಮೆಗೇ ಎರಡೂವರೆ ಪಟ್ಟು ಬಲ.

ಇಷ್ಟು ದೊಡ್ಡದು ಅಷ್ಟು ಚಿಕ್ಕ ಗುಂಡಿಯಲ್ಲಿ ಹಿಡಿಯುತ್ತದೆಯೇ? ಹಿಡಿಯುತ್ತದೆ. ಗುಟ್ಟಿರುವುದು ಕ್ಯಾಮ್‌ಶಾಫ್ಟಿನಲ್ಲಿ. ಇತ್ತೀಚಿನ ಬಹಳಷ್ಟು ಎಂಜಿನ್ನುಗಳಿಗೆ ತಲೆಯ ಮೇಲೆ ಎರಡೆರಡು ಕ್ಯಾಮ್‌ಶಾಫ್ಟ್ ಇರುವುದರಿಂದ ಹೆಡ್ಡು ಅಗಲವಾಗಿ ಹರಡಿಕೊಳ್ಳುತ್ತದೆ. ಇದಕ್ಕೆ ಇರುವುದು ಒಂದೇ ಕ್ಯಾಮ್‌ಶಾಫ್ಟು, ಅದೂ ಬ್ಲಾಕಿನ ಹೊಟ್ಟೆಯೊಳಗೆ. ಅಲ್ಲಿಂದ ಉದ್ದನೆಯ ಕಡ್ಡಿಗಳು ಮೇಲೆದ್ದು ವಾಲ್ವುಗಳನ್ನು ತಳ್ಳುತ್ತವೆ. 1955ರಲ್ಲಿ ಷೆವ್ರೊಲೆ ತಂದ 265 ಘನ ಅಂಗುಲದ ವಿ8ರ ಏರ್ಪಾಡೂ ಇದೇ. ಒಂದು ಸಿಲಿಂಡರಿನ ನಡುವಿನಿಂದ ಪಕ್ಕದ್ದರ ನಡುವಿಗೆ ಅಂದು 4.4 ಅಂಗುಲ, ಇಂದಿಗೂ 4.4 ಅಂಗುಲ. ಹಳೇ ಕಾಲದ ತಂತ್ರ ಎಂದು ಮೂಗು ಮುರಿಯುವವರಿದ್ದಾರೆ. ಜಾಗ ಇಕ್ಕಟ್ಟಾದಾಗ ಗೆಲ್ಲುವುದು ಹಳೇ ತಂತ್ರವೇ.

ಕ್ರೇನಿನ ಸರಪಳಿ ಬಿಗಿಯಾಯಿತು. ಹತ್ತಿರ ಎರಡೂವರೆ ಕ್ವಿಂಟಲ್ ಕಬ್ಬಿಣ ನೆಲ ಬಿಟ್ಟು, ಸ್ವಲ್ಪ ತಿರುಗಿ, ಮೂಗು ಮೇಲೆ ಮಾಡಿಕೊಂಡು ಗಾಡಿಯ ಮೇಲೆ ತೂಗಿತು. ಅಪ್ಪ ಹೈಡ್ರಾಲಿಕ್ ಹಿಡಿಯನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಎಂಜಿನ್ ಅರ್ಧ ಅಂಗುಲ ಇಳಿಯುತ್ತದೆ. ಮಗಳು ಚಾಸಿಯ ಕೆಳಗೆ ಅಂಗಾತ ಮಲಗಿ ಟಾರ್ಚು ಬಿಡುತ್ತ ಕೂಗುತ್ತಾಳೆ: ‘ಇನ್ನೂ ಬಿಡು, ಬಿಡು... ನಿಲ್ಲಿಸು!’ ಎಣ್ಣೆ ಸಂಪು ಮುಂದಿನ ಕ್ರಾಸ್‌ಮೆಂಬರಿಗೆ ತಾಗಿದೆ. ಟ್ರಕ್ಕಿನ ಎಂಜಿನ್ನಿನ ಸಂಪು ಆಳ. ದೊಡ್ಡ ಗಾಡಿಯಲ್ಲಿ ಅದು ತೊಂದರೆಯಲ್ಲ, ಇಲ್ಲಿ ತೊಂದರೆಯೇ. ಮತ್ತೆ ಎತ್ತಿ, ಕೆಳಗಿಟ್ಟು, ಸಂಪು ಬಿಚ್ಚಿ, ಕಮಾರೊ ಕಾರಿನ ಗಿಡ್ಡ ಸಂಪು ಹಾಕಿದರು. ಈ ಸಲ ಕೂತಿತು. ಎಡಗಡೆಯ ಎಕ್ಸಾಸ್ಟ್ ಪೈಪಿಗೂ ಸ್ಟೀರಿಂಗ್ ಶಾಫ್ಟಿಗೂ ನಡುವೆ ಅಪ್ಪ ಕಿರುಬೆರಳು ತೂರಿಸಿ ನೋಡಿ ತಲೆಯಾಡಿಸಿದ. ಅಷ್ಟು ಸಾಕಂತೆ.

ನೋಡುವವರಿಗೆ ಇಲ್ಲಿಗೆ ಕೆಲಸ ಮುಗಿದಂತೆ. ಬಲ್ಲವರಿಗೆ ಈಗ ಶುರು. ಹಳೆಯ ಕಾರ್ಬ್ಯುರೇಟರಿಗೆ ಪೆಟ್ರೋಲು ಮೆಲ್ಲಗೆ ಹರಿದರೆ ಸಾಕಿತ್ತು. ಇದರ ಇಂಜೆಕ್ಟರುಗಳಿಗೆ 58 ಪಿಎಸ್‌ಐ ಒತ್ತಡ ಬೇಕು. ಟ್ಯಾಂಕಿನ ಪಂಪು ಹೊಸದು, ಪೈಪು ಹೊಸದು. ಒತ್ತಡ ಕಾಯ್ದುಕೊಳ್ಳಲು ಕಾರ್ವೆಟ್ ಕಾರಿನ ಫಿಲ್ಟರು: ರೆಗ್ಯುಲೇಟರ್ ಅದರೊಳಗೇ ಸೇರಿಕೊಂಡಿರುವುದರಿಂದ ಈ ಕಸುಬಿನವರೆಲ್ಲ ಅದನ್ನೇ ಹುಡುಕುತ್ತಾರೆ. ರೇಡಿಯೇಟರು ದೊಡ್ಡದಾಗಬೇಕು, ಮುಂದಿನ ಸ್ಪ್ರಿಂಗು ಗಟ್ಟಿಯಾಗಬೇಕು, ಪ್ರೊಪೆಲ್ಲರ್ ಶಾಫ್ಟನ್ನು ಲೇಥಿಗೆ ಕೊಟ್ಟು ಅಳತೆಗೆ ಕತ್ತರಿಸಿ ಬೆಸೆಸಬೇಕು. ಗುಜರಿಯಲ್ಲಿ ಎಂಜಿನ್ನಿಗೆ ಕೊಟ್ಟ ದುಡ್ಡು ಈ ಚಿಲ್ಲರೆ ಬಾಬತ್ತುಗಳ ಮುಂದೆ ಏನೇನೂ ಅಲ್ಲ ಎಂಬುದು ಲೆಕ್ಕ ಬರೆಯುತ್ತ ಹೋದಂತೆ ತಿಳಿಯುತ್ತದೆ.

ವೈರಿಂಗ್ ಪೂರ್ತಿ ಮಗಳ ಪಾಲು. ಸಿಲ್ವರಾಡೊದ ವೈರಿಂಗನ್ನು ಟೇಪು ಹರಿದು ಮೇಜಿನ ಮೇಲೆ ಬಿಚ್ಚಿಟ್ಟ ಜಡೆಯಂತೆ ಹರಡಿದ್ದಾಳೆ. ಬೇಕಾದ ತಂತಿಗೆ ಹಸಿರು ಚೀಟಿ, ಬೇಡದ್ದಕ್ಕೆ ಕೆಂಪು ಚೀಟಿ. ಎಂಜಿನ್ನಿನ ಕಂಪ್ಯೂಟರಿಗೆ ತಾನು ಬೇರೆ ಗಾಡಿಗೆ ಬಂದಿದ್ದೇನೆಂದು ಗೊತ್ತಿಲ್ಲ. ಹಳೇ ಯಜಮಾನನ ಕೀಲಿ ಕಾಣದೆ ಕಳ್ಳನೇ ಬಂದನೆಂದುಕೊಂಡು ಪೆಟ್ರೋಲು ನಿಲ್ಲಿಸಿಬಿಡುತ್ತದೆ. ಲ್ಯಾಪ್‌ಟಾಪು ಜೋಡಿಸಿ ಆ ಕಾವಲನ್ನು ಅಳಿಸಬೇಕು. ಅಪ್ಪನಿಗೆ ಇದೊಂದು ಮಾತ್ರ ಅರ್ಥವಾಗದು. ಕಾಫಿ ಕಪ್ಪು ಹಿಡಿದು ದೂರ ನಿಲ್ಲುತ್ತಾನೆ.

ಎಂಜಿನ್ ಬದಲಿಸುವುದು ನಮ್ಮ ಕಡೆಗೂ ಹೊಸತಲ್ಲ. ಪೆಟ್ರೋಲಿನ ಅಂಬಾಸಿಡರಿಗೆ, ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿ ಓಡಿಸಿದ ಕಾಲ ಕರ್ನಾಟಕದ ಹಿರಿಯ ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತು. ಅಲ್ಲಿ ಉಳಿತಾಯಕ್ಕಾಗಿ ಮಾಡಿದ್ದನ್ನು ಇಲ್ಲಿ ದುಂದಿಗಾಗಿ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ. ಕಾನೂನೂ ಬೇರೆ ಬೇರೆ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಾದರೆ ಎಂಜಿನ್ ಗಾಡಿಯಷ್ಟೇ ವಯಸ್ಸಿನದ್ದು ಅಥವಾ ಅದಕ್ಕಿಂತ ಹೊಸದಾಗಿರಬೇಕು, ಹೊಗೆ ತಡೆಯುವ ಸಲಕರಣೆಗಳೆಲ್ಲ ಜೊತೆಗಿರಬೇಕು, ಸರ್ಕಾರ ಗೊತ್ತುಮಾಡಿದ ಪರೀಕ್ಷಕರಿಗೆ ತೋರಿಸಿ ಚೀಟಿ ಅಂಟಿಸಿಕೊಳ್ಳಬೇಕು. ಓಹಾಯೋದಲ್ಲಿ ಹೊಗೆ ಪರೀಕ್ಷೆ ಇರುವುದು ಕ್ಲೀವ್‌ಲ್ಯಾಂಡ್ ಸುತ್ತಿನ 7 ಕೌಂಟಿಗಳಲ್ಲಿ ಮಾತ್ರ. ಡೇಟನ್ನಿನವರನ್ನು ಕೇಳುವವರಿಲ್ಲ. ಕೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ; ಆ ಗ್ಯಾರೇಜಿನಲ್ಲಿ ನಿಂತು ಹೇಳುವ ಧೈರ್ಯ ಬರಲಿಲ್ಲ.

ಸ್ಟಾರ್ಟ್ ಮಾಡುವ ದಿನ ಅಕ್ಕಪಕ್ಕದವರೂ ಬಂದು ಸೇರಿದರು. ಮೊದಲು ಇಂಜೆಕ್ಟರಿನ ಫ್ಯೂಸ್ ಕಿತ್ತು, ಎಣ್ಣೆಯ ಮುಳ್ಳು ಮೇಲೇಳುವ ತನಕ ಸುಮ್ಮನೆ ಸೆಲ್ಫ್ ಹೊಡೆದರು. ಒಣಗಿದ ಬೇರಿಂಗುಗಳಿಗೆ ಎಣ್ಣೆ ತಲುಪಬೇಕಲ್ಲ. ಆಮೇಲೆ ಫ್ಯೂಸ್ ಸಿಕ್ಕಿಸಿ ಮಗಳೇ ಕೀಲಿ ತಿರುಗಿಸಿದಳು. ಒಂದು ಕೆಮ್ಮು, ಇನ್ನೊಂದು ಕೆಮ್ಮು, ನಂತರ ಗ್ಯಾರೇಜಿನ ತಗಡೆಲ್ಲ ನಡುಗುವ ಗುಡುಗು. ಸೈಲೆನ್ಸರ್ ಇನ್ನೂ ಹಾಕಿರಲಿಲ್ಲ. ಎದುರು ಮನೆಯ ನಾಯಿ ಓಡಿಹೋಗಿ ಮೆಟ್ಟಿಲ ಕೆಳಗೆ ಸೇರಿಕೊಂಡಿತು. ಅಪ್ಪ ಎಂಜಿನ್ನಿನ ಕಡೆ ನೋಡಲೇ ಇಲ್ಲ, ಮಗಳ ಮುಖವನ್ನೇ ನೋಡುತ್ತಿದ್ದ.

ಗಾಡಿಯನ್ನು ಅವರು ರಸ್ತೆಗೆ ಇಳಿಸಿದ್ದು ಇನ್ನೊಂದು ಕೆಲಸ ಮುಗಿದ ಮೇಲೆಯೇ. ಎಸ್-10ರ ಹಿಂದಿನ ಹೌಸಿಂಗಿನ ಕ್ರೌನು ಏಳೂವರೆ ಅಂಗುಲದ್ದು. ವಿ8ರ ಎಳೆತಕ್ಕೆ ಅದರ ಹಲ್ಲು ಉದುರುವುದು ಈ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನು ಕಿತ್ತು, ಫೋರ್ಡ್ ಎಕ್ಸ್‌ಪ್ಲೋರರಿನ 8.8 ಅಂಗುಲದ ಹೌಸಿಂಗ್ ಬೆಸೆದರು. ಷೆವ್ರೊಲೆ ಭಕ್ತರ ಮನೆಗೆ ಫೋರ್ಡ್ ಮಾಲು ಬಂದದ್ದಕ್ಕೆ ನಗೆಯೇನೋ ಎದ್ದಿತು. ಆದರೆ 1995ರ ನಂತರದ ಎಕ್ಸ್‌ಪ್ಲೋರರಿಗೆ ಹಿಂದೆಯೂ ಡಿಸ್ಕ್ ಬ್ರೇಕ್ ಇದೆ, ಎಸ್-10ಕ್ಕೆ ಇದ್ದದ್ದು ಡ್ರಮ್ಮು.

ಇಂಥ ಗಾಡಿ ಎಲ್ಲಾದರೂ ಮಾರಾಟಕ್ಕೆ ಕಂಡರೆ ಮಾರುವವನು ಮೊದಲು ಬಾನೆಟ್ ಎತ್ತಿ ತೋರಿಸುತ್ತಾನೆ. ನೀವು ಮೊದಲು ಹಿಂದಕ್ಕೆ ಹೋಗಿ, ಬಗ್ಗಿ, ಹೌಸಿಂಗು ಮತ್ತು ಬ್ರೇಕು ನೋಡಿ. ಅವೆರಡೂ ಹಳೆಯವೇ ಆಗಿದ್ದರೆ ಬೆಲೆ ಕೇಳುವ ಅಗತ್ಯವೇ ಇಲ್ಲ.