ಎರಕದ ಬಣ್ಣದ ಗಾಜಿನ ಫಲಕಗಳು: ಸಾರ್ವಜನಿಕರ ತಿಳುವಳಿಕೆಗಾಗಿ

1. ಎರಕದ ಗಾಜಿನ ಫಲಕ ಎಂದರೇನು?

ಗಾಜಿನ ಹಾಳೆಯ ಮೇಲೆ ಬಣ್ಣ ಬಳಿದು ಅಥವಾ ಬಣ್ಣದ ತುಂಡುಗಳನ್ನು ಸೀಸದ ಪಟ್ಟಿಯಿಂದ ಜೋಡಿಸಿ ಸಿದ್ಧಪಡಿಸುವ ಕಿಟಕಿಗಳಿಗಿಂತ ಇದು ಭಿನ್ನವಾದುದು. ಬಣ್ಣದ ಗಾಜಿನ ತುಂಡುಗಳನ್ನು ಅಚ್ಚಿನಲ್ಲಿ ತುಂಬಿ, ಕುಲುಮೆಯಲ್ಲಿ ಸುಮಾರು 800ರಿಂದ 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ, ಒಂದೇ ದಪ್ಪ ಫಲಕವನ್ನಾಗಿ ಮಾಡಲಾಗುತ್ತದೆ. ನಂತರ ಅದನ್ನು ನಿಧಾನವಾಗಿ ತಣಿಸತಕ್ಕದ್ದು. ಅವಸರದಲ್ಲಿ ತಣಿಸಿದಲ್ಲಿ ಒಳಗೆ ಉಳಿಯುವ ಬಿಗುವಿನಿಂದ ಫಲಕವು ಬಿರುಕು ಬಿಡುತ್ತದೆ. ದೊಡ್ಡ ಕೃತಿಗಳು ತಣಿಯಲು ವಾರಗಳೇ ಬೇಕಾಗುತ್ತವೆ.

2. ಬಣ್ಣ ಮತ್ತು ದಪ್ಪ

ಬಣ್ಣವು ಗಾಜಿನ ಒಳಗೇ ಇರುವುದರಿಂದ, ದಪ್ಪವಾದ ಭಾಗವು ಗಾಢವಾಗಿಯೂ ತೆಳುವಾದ ಭಾಗವು ತಿಳಿಯಾಗಿಯೂ ಕಾಣುತ್ತದೆ. ಒಂದೇ ಬಣ್ಣದ ಗಾಜಿನಲ್ಲಿ ಅನೇಕ ಛಾಯೆಗಳನ್ನು ಪಡೆಯುವ ಈ ವಿಧಾನವನ್ನು ಬೆಳೆಸಿದವರಲ್ಲಿ ಜೆಕ್ ಕಲಾವಿದ ದಂಪತಿಗಳಾದ ಸ್ಟಾನಿಸ್ಲಾವ್ ಲಿಬೆನ್ಸ್ಕಿ (1921–2002) ಮತ್ತು ಯಾರೊಸ್ಲಾವಾ ಬ್ರಿಖ್ತೊವಾ (1924–2020) ಪ್ರಮುಖರು. ಲಿಬೆನ್ಸ್ಕಿಯವರು ರೇಖಾಚಿತ್ರ ರಚಿಸುತ್ತಿದ್ದರು; ಶಿಲ್ಪಿಯಾದ ಬ್ರಿಖ್ತೊವಾ ಅವರು ಅದಕ್ಕೆ ಜೇಡಿಮಣ್ಣಿನ ಮಾದರಿ ಸಿದ್ಧಪಡಿಸುತ್ತಿದ್ದರು.

3. ಒಸಾಕಾ ಪ್ರದರ್ಶನದ ಫಲಕ

1968ರ ಆಗಸ್ಟ್‌ನಲ್ಲಿ ಸೋವಿಯತ್ ನೇತೃತ್ವದ ಸೇನೆಗಳು ಜೆಕೊಸ್ಲೊವಾಕಿಯಾವನ್ನು ಪ್ರವೇಶಿಸಿದವು. 1970ರಲ್ಲಿ ಜಪಾನಿನ ಒಸಾಕಾ ವಿಶ್ವ ಪ್ರದರ್ಶನಕ್ಕಾಗಿ ಈ ದಂಪತಿಗಳು ‘ಜೀವನದ ನದಿ’ ಎಂಬ, ಸುಮಾರು 22 ಮೀಟರ್ ಉದ್ದದ ಎರಕದ ಗಾಜಿನ ಗೋಡೆಯನ್ನು ನಿರ್ಮಿಸಿದರು. ಅದರಲ್ಲಿ ಸೈನಿಕರ ಬೂಟಿನ ಗುರುತುಗಳನ್ನು ಮೂಡಿಸಲಾಗಿತ್ತು. ಆಡಳಿತದ ಆದೇಶದಂತೆ ಆ ಗುರುತುಗಳನ್ನು ಉಜ್ಜಿ ತೆಗೆಸಲಾಯಿತು. ಮುಂದೆ ಇಬ್ಬರನ್ನೂ ಕಮ್ಯುನಿಸ್ಟ್ ಪಕ್ಷದಿಂದ ಉಚ್ಚಾಟಿಸಲಾಯಿತು. ಬಳಿದ ಬಣ್ಣವನ್ನು ಅಳಿಸಿ ಮತ್ತೆ ಬಳಿಯಬಹುದು. ಉಜ್ಜಿ ತೆಗೆದ ಗಾಜನ್ನು ಮರಳಿ ತುಂಬಲಾಗದು.

4. ಫಲಕ ಹೊಂದಿರುವವರು ಗಮನಿಸಬೇಕಾದ ಅಂಶಗಳು

ಅ) ಯಾವುದೇ ಅರ್ಜಿಯಲ್ಲಿ ಇಂತಹ ಫಲಕದ ವಿವರ ನೀಡುವಾಗ ‘ಬಣ್ಣದ ಗಾಜು’ ಎಂದಷ್ಟೇ ಬರೆಯದೆ, ‘ಎರಕದ ಗಾಜು’ ಎಂದು ತಿಳಿಸಿ, ಉದ್ದ ಅಗಲಗಳೊಂದಿಗೆ ದಪ್ಪವನ್ನೂ ನಮೂದಿಸುವುದು ಸೂಕ್ತ.

ಆ) ಎದುರಿನಿಂದ ಹಾಗೂ ಹಿಂದಿನಿಂದ ಬೆಳಕು ಬೀಳುವಂತೆ ಪ್ರತ್ಯೇಕ ಛಾಯಾಚಿತ್ರಗಳನ್ನು ತೆಗೆದಿರಿಸಿಕೊಳ್ಳುವುದು. ಹಾನಿ ಸಂಭವಿಸಿದಲ್ಲಿ ಮೂಲ ರೂಪಕ್ಕೆ ಇವು ಆಧಾರವಾಗುತ್ತವೆ.

ಇ) 5 ಸೆಂಟಿಮೀಟರ್ ದಪ್ಪದ ಗಾಜು ಪ್ರತಿ ಚದರ ಮೀಟರಿಗೆ ಸುಮಾರು 125 ಕಿಲೋ ತೂಗುತ್ತದೆ. ಆದ್ದರಿಂದ ಗೋಡೆ ಮತ್ತು ಚೌಕಟ್ಟಿನ ಸಾಮರ್ಥ್ಯವನ್ನು ಇಂಜಿನಿಯರ್ ಅವರಿಂದ ಪರಿಶೀಲಿಸಿಕೊಂಡ ನಂತರವೇ ಅಳವಡಿಸುವುದು.

ಈ) ಬಿಸಿಲಿನಲ್ಲಿ ಕಾದ ಫಲಕದ ಮೇಲೆ ತಣ್ಣೀರು ಸುರಿಯಬಾರದು. ಚಿಕ್ಕ ಗೀರು ಅಥವಾ ಕಲೆ ತೆಗೆಯಲು ಮೇಲ್ಮೈಯನ್ನು ಉಜ್ಜಿಸಬಾರದು. ದಪ್ಪವು ಬದಲಾದಲ್ಲಿ ಬಣ್ಣದ ಛಾಯೆಯೂ ಬದಲಾಗುತ್ತದೆ.