ಬಾಯಿ ಬಿಡದ ದುಃಖ ಬಣ್ಣದಲ್ಲಿ ಇಳಿಯಲಿ

“ಅವರಪ್ಪ ಹೋದಾಗಿನಿಂದ ಮಾತೇ ಆಡಲ್ಲ ಕಣ್ರೀ. ಏನ್ ಕೇಳಿದ್ರೂ ‘ಏನಿಲ್ಲ’ ಅಂತಾನೆ.” ನಿಮ್ಮ ಮನೆಯಲ್ಲೋ ನೆಂಟರಲ್ಲೋ ಇಂಥ ಮಾತು ಕೇಳಿರುತ್ತೀರಿ.

‘ನಾನು ಯಾರು?’ ಎಂದು ಮಕ್ಕಳು ತಮ್ಮನ್ನೇ ಕೇಳಿಕೊಳ್ಳುವ ವಯಸ್ಸು ಹದಿಹರೆಯ. ಆಗಲೇ ಹೆತ್ತವರು ತೀರಿಕೊಂಡರೆ ಉತ್ತರವನ್ನು ಊರೇ ಕೊಟ್ಟುಬಿಡುತ್ತದೆ: ‘ಪಾಪ, ತಂದೆ ಇಲ್ಲದ ಹುಡುಗ’, ‘ಇನ್ಮೇಲೆ ನೀನೇ ಮನೆಗೆ ಯಜಮಾನ’. ಅವನು ಚೆನ್ನಾಗಿ ಕಬಡ್ಡಿ ಆಡುತ್ತಿದ್ದ, ಎಲ್ಲರನ್ನೂ ನಗಿಸುತ್ತಿದ್ದ ಎಂಬುದು ಮರೆತೇಹೋಗುತ್ತದೆ.

ಇಂಥ ಮಕ್ಕಳಿಗೆ ಉಪದೇಶಕ್ಕಿಂತ ಕೈಗೊಂದು ಕೆಲಸ ಒಳ್ಳೆಯದು. ಚಿತ್ರ ಬರೆಯುವಾಗ ಯಾರ ಮುಖವನ್ನೂ ನೋಡಬೇಕಿಲ್ಲ, ಅಳು ಬಂದರೆ ನಿಲ್ಲಿಸಬಹುದು, ಬೇಡವೆನಿಸಿದರೆ ಹರಿಯಬಹುದು. ಸಾವು ಅವರ ಕೈಮೀರಿದ್ದು. ಯಾವ ಬಣ್ಣ ಹಚ್ಚಬೇಕೆಂಬುದಾದರೂ ಅವರ ಕೈಯಲ್ಲೇ ಇರುತ್ತದೆ.

ದೂರದ ಒಂದು ಉದಾಹರಣೆ ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ತೆರೆಜಿನ್ ಎಂಬಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದರು. ಅಲ್ಲಿದ್ದ ಮಕ್ಕಳಿಗೆ ಚಿತ್ರ ಕಲಿಸಿದವರು ಫ್ರೀಡ್ಲ್ ಡಿಕರ್-ಬ್ರಾಂಡೈಸ್. ಪ್ರತಿ ಚಿತ್ರದ ಮೇಲೂ ಮಗು ತನ್ನ ಹೆಸರು ಬರೆಯಬೇಕೆಂದು ಆಕೆ ಹೇಳುತ್ತಿದ್ದರು. 1944ರಲ್ಲಿ ಆಕೆಯನ್ನು ಕೊಲ್ಲಲಾಯಿತು. ಸುಮಾರು 4,500 ಚಿತ್ರಗಳು ಮಾತ್ರ ಉಳಿದವು. ನಿಮ್ಮ ಮಗುವೂ ಚಿತ್ರದ ಮೂಲೆಯಲ್ಲಿ ತನ್ನ ಹೆಸರು ಬರೆಯಲಿ.

ಮನೆಯಲ್ಲೇ ಹೀಗೆ ಮಾಡಿಸಿ

* ಹಾಳೆಯ ನಡುವೆ ಒಂದು ಗೆರೆ. ಒಂದು ಕಡೆ ‘ಅಪ್ಪನಿಂದ ನನಗೆ ಬಂದದ್ದು’, ಇನ್ನೊಂದು ಕಡೆ ‘ನನ್ನದೇ ಆದದ್ದು’. ಎರಡನ್ನೂ ಚಿತ್ರದಲ್ಲಿ ತೋರಿಸಲಿ.

* ನಮ್ಮೂರ ನಕ್ಷೆ ಬರೆಯಲಿ. ಮಧುಗಿರಿ ಬೆಟ್ಟ, ಸಿದ್ಧರಬೆಟ್ಟ, ಶಿರಾ ಕೋಟೆ, ಪಾವಗಡದ ಕೋಟೆ... ಅಮ್ಮನ ಜೊತೆ ಹೋಗಿದ್ದ ಜಾಗಕ್ಕೆ ಒಂದು ಬಣ್ಣ, ಮುಂದೆ ತಾನು ಹೋಗಬೇಕೆಂದಿರುವ ಜಾಗಕ್ಕೆ ಇನ್ನೊಂದು.

* ಅಮ್ಮನ ಸೀರೆ, ತನ್ನ ಹಳೆ ಯೂನಿಫಾರಂ ತುಂಡು ಸೇರಿಸಿ ಪುಟ್ಟ ಕೌದಿ ಹೊಲಿಯಲಿ. ಸೀರೆಗೆ ಕತ್ತರಿ ಹಾಕುವ ಮುಂಚೆ ಮಗುವನ್ನು ಕೇಳಿ.

* ಸಿಟ್ಟು ಜಾಸ್ತಿಯಿದ್ದರೆ ಜೇಡಿಮಣ್ಣು ಕೊಡಿ. ಗುದ್ದಲಿ, ನಾದಲಿ, ಏನಾದರೂ ಮಾಡಲಿ.

ನೆನಪಿಡಿ

ಇದು ಪ್ರತಿಭಾ ಕಾರಂಜಿಯಲ್ಲ, ಬಹುಮಾನದ ಮಾತು ಬೇಡ. ‘ಯಾಕೆ ಬರೀ ಕಪ್ಪು ಬಳಿದಿದ್ದೀಯ?’ ಎನ್ನಬೇಡಿ. ‘ಇದರ ಬಗ್ಗೆ ಹೇಳ್ತೀಯಾ?’ ಅಂದರೆ ಸಾಕು, ಹೇಳದಿದ್ದರೂ ಸರಿ. ಬಂದ ನೆಂಟರಿಗೆಲ್ಲ ತೋರಿಸಬೇಡಿ. ಶಾಲೆಯ ಚಿತ್ರಕಲಾ ಶಿಕ್ಷಕರಿಗೆ ವಿಷಯ ತಿಳಿಸಿ, ನೆರವಾದಾರು.

ಚಿತ್ರಕಲೆ ವೈದ್ಯರಿಗೆ ಬದಲಿಯಲ್ಲ. ವಾರಗಟ್ಟಲೆ ಊಟ, ನಿದ್ದೆ ಬಿಟ್ಟರೆ, ‘ನಾನೂ ಹೋಗ್ಬಿಡ್ತೀನಿ’ ಎಂದರೆ ಸುಮ್ಮನೆ ಗದರಿಸಿ ಕೂರಬೇಡಿ, ತಕ್ಷಣ ವೈದ್ಯರನ್ನು ಕಾಣಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮಗು ಬಣ್ಣ ಹಚ್ಚುವಾಗ ನೀವೂ ಪಕ್ಕದಲ್ಲಿ ಒಂದು ಹಾಳೆ ಹಿಡಿದು ಕೂತುಕೊಳ್ಳಿ. ಕಳೆದುಕೊಂಡವರು ನೀವೂ ಹೌದಲ್ಲವೇ?