ಮನೆಯ ಕಂಪ್ಯೂಟರಿನ ಆಯುಷ್ಯ

ಮನೆಗೆ ಒಂದು ಪದಾರ್ಥವನ್ನು ತರುವಾಗ ಅದು ಎಷ್ಟು ಕಾಲ ಬಾಳೀತೆಂದು ವಿಚಾರಿಸುವುದು ಗೃಹಸ್ಥರಲ್ಲಿ ಮೊದಲಿನಿಂದಲೂ ಬಂದ ವಾಡಿಕೆ. ತಾಮ್ರದ ಹಂಡೆಯು ಮೂರು ತಲೆಮಾರು ನೀರು ಕಾಯಿಸುತ್ತದೆ. ಹೊಲಿಗೆಯ ಯಂತ್ರವು ಅತ್ತೆಯಿಂದ ಸೊಸೆಗೆ ಬರುತ್ತದೆ. ಗೋಡೆಯ ಗಡಿಯಾರಕ್ಕೆ ಆಗಾಗ ಎಣ್ಣೆ ಬಿಟ್ಟರೆ ಅದೂ ಯಜಮಾನನಿಗಿಂತ ಹೆಚ್ಚು ಕಾಲ ನಡೆಯುವುದುಂಟು. ಇವೆಲ್ಲಕ್ಕಿಂತ ಹೆಚ್ಚು ಹಣ ತೆತ್ತು ತಂದ ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಅಂಗಡಿಯವನು ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವುದಿಲ್ಲ. ಕೊಡಲಾರನು ಎಂದರೂ ಸಲ್ಲುವುದು. ಈ ಯಂತ್ರದ ಆಯುಷ್ಯವನ್ನು ನಿರ್ಣಯಿಸುವವರು ಅವನ ಅಂಗಡಿಯಿಂದ ಸಾವಿರಾರು ಮೈಲಿ ಆಚೆ ಇರುತ್ತಾರೆ.

2025ರ ಅಕ್ಟೋಬರ್ 14ರಂದು ಈ ಮಾತು ಎಷ್ಟೋ ಮನೆಗಳ ಅನುಭವಕ್ಕೆ ಬಂದಿತು. ಆ ದಿನ ಮೈಕ್ರೋಸಾಫ್ಟ್ ಕಂಪನಿಯವರು ವಿಂಡೋಸ್ 10 ಎಂಬ ತಮ್ಮ ಆಪರೇಟಿಂಗ್ ಸಿಸ್ಟಮ್ಮಿಗೆ ಕೊಡುತ್ತಿದ್ದ ಪೋಷಣೆಯನ್ನು ನಿಲ್ಲಿಸಿದರು. ಆಪರೇಟಿಂಗ್ ಸಿಸ್ಟಮ್ ಎಂದರೆ ಯಂತ್ರದ ಭಾಗಗಳಿಗೂ ನಾವು ಅದರಿಂದ ಮಾಡಿಸಿಕೊಳ್ಳುವ ಕೆಲಸಗಳಿಗೂ ನಡುವೆ ನಿಂತು ದುಡಿಯುವ ಪಾರುಪತ್ಯಗಾರನೆಂದು ತಿಳಿದರೆ ಸಾಕು. ಅದರ ಗೋಡೆಯಲ್ಲಿ ಒಂದಲ್ಲ ಒಂದು ಬಿರುಕು ಕಂಡುಬರುತ್ತಲೇ ಇರುತ್ತದೆ. ಕಳ್ಳರು ಆ ಬಿರುಕಿನಿಂದ ನುಸುಳದಂತೆ ಕಂಪನಿಯವರು ತಿಂಗಳು ತಿಂಗಳಿಗೆ ತೇಪೆ ಕಳುಹಿಸುತ್ತಾರೆ. 2015ರ ಜುಲೈಯಿಂದ ಹತ್ತು ವರ್ಷಗಳಿಗೂ ಮೇಲ್ಪಟ್ಟು ಪುಕ್ಕಟೆಯಾಗಿ ನಡೆದು ಬಂದ ಈ ತೇಪೆಯ ಕೆಲಸವು ಅಂದಿಗೆ ನಿಂತಿತು. ಮನೆಯವರಿಗಾಗಿ ಇನ್ನೊಂದು ವರ್ಷ, ಎಂದರೆ 2026ರ ಅಕ್ಟೋಬರ್ 13ರವರೆಗೆ, ಕೆಲವು ಷರತ್ತುಗಳ ಮೇಲೆ ರಕ್ಷಣೆಯ ತೇಪೆಗಳನ್ನು ಮುಂದುವರಿಸುವುದಾಗಿ ಆಗಲೇ ಪ್ರಕಟಿಸಿದ್ದರು.

ಮರುದಿನ ಬೆಳಿಗ್ಗೆ ಯಂತ್ರವೇನೋ ಎಂದಿನಂತೆಯೇ ಎಚ್ಚೆತ್ತಿತು. ಮಗಳ ಪಾಠ, ಮಗನ ಆಟ, ತಂದೆಯವರ ಪಿಂಚಣಿಯ ಲೆಕ್ಕ ಯಾವುದೂ ನಿಲ್ಲಲಿಲ್ಲ. ಹೀಗೆ ಏನೂ ಆಗದಂತೆ ಕಾಣುವುದೇ ಇಲ್ಲಿಯ ಅಪಾಯ. ತೇಪೆ ಕಾಣದ ಯಂತ್ರದಲ್ಲಿ ಕಥೆ ಬರೆಯಬಹುದು, ಸಂಗೀತ ಕೇಳಬಹುದು. ಬ್ಯಾಂಕಿನ ಖಾತೆಯನ್ನು ತೆರೆಯುವುದು ಮಾತ್ರ ದಿನ ಕಳೆದಂತೆ ಅವಿವೇಕವಾಗುತ್ತ ಹೋಗುತ್ತದೆ.

ಹಾಗಾದರೆ ಹೊಸದಾದ ವಿಂಡೋಸ್ 11ನ್ನು ಹಾಕಿಕೊಳ್ಳಬಾರದೇಕೆ ಎಂದು ವಾಚಕರು ಕೇಳಬಹುದು. ಹಾಕಿಕೊಳ್ಳಲು ಯಂತ್ರಕ್ಕೆ ಅರ್ಹತೆಯಿರಬೇಕು. ಟಿಪಿಎಂ 2.0 ಎಂಬ, ಗುಪ್ತ ಬೀಗದ ಕೈಗಳನ್ನು ಕಾಯುವ ಒಂದು ಏರ್ಪಾಡು ಒಳಗಿರಬೇಕು. ಮುಖ್ಯ ಚಿಪ್ಪು ಇಂಟೆಲ್ ಕಂಪನಿಯದಾದರೆ, ಕೆಲವೇ ಅಪವಾದಗಳನ್ನುಳಿದು, ಎಂಟನೆಯ ಪೀಳಿಗೆಯದೋ ಅದರಿಂದ ಈಚಿನದೋ ಆಗಿರಬೇಕು. ಎಂಟನೆಯ ಪೀಳಿಗೆಯು ಪೇಟೆಗೆ ಬಂದದ್ದು 2017ರಲ್ಲಿ. ಆ ವರ್ಷದ ಸಂಕ್ರಾಂತಿಗೆ ಕೊಂಡ ಯಂತ್ರಕ್ಕೆ ಹೊಸ ವ್ಯವಸ್ಥೆಯ ಬಾಗಿಲು ಮುಚ್ಚಿದೆ. ಮರುವರ್ಷ ಕೊಂಡದ್ದಕ್ಕೆ ಬಹುಮಟ್ಟಿಗೆ ತೆರೆದಿದೆ. ಎರಡೂ ಪಕ್ಕಪಕ್ಕದಲ್ಲಿ ಕುಳಿತು ಒಂದೇ ಕೆಲಸವನ್ನು ಒಂದೇ ವೇಗದಲ್ಲಿ ಮಾಡುತ್ತಿರಬಹುದು. ಕಂಪನಿಯವರು ಹೇಳುವ ಭದ್ರತೆಯ ಕಾರಣವು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಆ ಭದ್ರತೆಯ ವೆಚ್ಚವೆಲ್ಲವೂ ಗೃಹಸ್ಥನ ತಲೆಯ ಮೇಲೆ ಬಿದ್ದುದು ಮಾತ್ರ ನಿಜ.

ಮೊದಲು ಹೀಗಿರಲಿಲ್ಲ. ಹಿಂದೆ ಕಂಪ್ಯೂಟರು ಹಳತಾಯಿತೆಂದರೆ ಅದು ನಿಜವಾಗಿಯೂ ಕೆಲಸಕ್ಕೆ ಬಾರದಾಗುತ್ತಿತ್ತು. 1995ರಲ್ಲಿ ಉತ್ತಮವೆನ್ನಿಸಿಕೊಂಡ ಪೆಂಟಿಯಂ ಚಿಪ್ಪು ಸೆಕೆಂಡಿಗೆ 13 ಕೋಟಿ ಸಲ ಮಿಡಿಯುತ್ತಿತ್ತು. 2000ದಲ್ಲಿ ಈ ಲೆಕ್ಕವು 100 ಕೋಟಿಯನ್ನು ಮುಟ್ಟಿತು. 2002 ಮುಗಿಯುವುದರೊಳಗೆ 300 ಕೋಟಿಯನ್ನು ದಾಟಿತು. ಐದು ವರ್ಷದ ಯಂತ್ರವು ಹೊಸದರ ಮುಂದೆ ಎತ್ತಿನ ಗಾಡಿಯಂತೆ ಕಾಣುತ್ತಿದ್ದ ಕಾಲವದು. ಆ ತರುವಾಯ ಈ ಓಟವು ಶಾಖದ ದೆಸೆಯಿಂದ ತಗ್ಗಿತು. ಮಿಡಿತವನ್ನು ಇನ್ನೂ ಹೆಚ್ಚಿಸಿದರೆ ಚಿಪ್ಪು ಕಾದು ಕೆಡುತ್ತದೆಂದು ಕಂಡುಬಂದು, ತಯಾರಕರು ಒಂದೇ ಚಿಪ್ಪಿನೊಳಗೆ ಎರಡು, ನಾಲ್ಕು, ಎಂಟು ಎಂದು ಲೆಕ್ಕಿಗರನ್ನು ಕೂರಿಸತೊಡಗಿದರು. ಪತ್ರ ಬರೆಯುವುದಕ್ಕೆ ಎಂಟು ಮಂದಿ ಲೆಕ್ಕಿಗರು ಬೇಕಿಲ್ಲವಷ್ಟೆ.

ಸ್ಮರಣೆಯ ಕಥೆಯೂ ಇದೇ. 1995ರ ವಿಂಡೋಸ್ 95 ಕೇಳಿದ ಕನಿಷ್ಠ ಸ್ಮರಣೆಯು 4 ಮೆಗಾಬೈಟು. 2001ರ ಎಕ್ಸ್‌ಪಿ ಕೇಳಿದ್ದು 64. ಆರು ವರ್ಷಗಳಲ್ಲಿ ಹದಿನಾರು ಪಾಲಾಯಿತು. 2015ರ ವಿಂಡೋಸ್ 10, ಅದರ 64 ಬಿಟ್ಟಿನ ರೂಪದಲ್ಲಿ, 2 ಗಿಗಾಬೈಟು ಕೇಳಿತು. 2021ರ ವಿಂಡೋಸ್ 11 ಕೇಳಿದ್ದು 4. ಅಷ್ಟೇ ಆರು ವರ್ಷಗಳಲ್ಲಿ ಎರಡೇ ಪಾಲು. ಯಂತ್ರದ ಶಕ್ತಿಯು ನಮ್ಮ ಸಾಮಾನ್ಯ ಅವಶ್ಯಕತೆಯನ್ನು ಎಂದೋ ಮೀರಿಹೋಗಿದೆ. ಹತ್ತು ವರ್ಷದ ಕಂಪ್ಯೂಟರು ಇಂದು ಮನೆಗೆ ಸಾಕೆಂದು ನಾವು ಧೈರ್ಯವಾಗಿ ಹೇಳುವುದು ಈ ಲೆಕ್ಕದ ಬಲದಿಂದ.

ಆ್ಯಪಲ್ ಕಂಪನಿಯ ಬಳಕೆದಾರರು ಈ ಬಗೆಯ ಸ್ಥಳಾಂತರಕ್ಕೆ ಹೆಚ್ಚು ಪಳಗಿದವರು. 1984ರ ಮ್ಯಾಕಿಂಟೋಷು ಮೋಟೊರೋಲಾ ಚಿಪ್ಪಿನ ಮೇಲೆ ನಡೆಯುತ್ತಿತ್ತು. 1994ರಲ್ಲಿ ಪವರ್ ಪಿಸಿ ಎಂಬ ಚಿಪ್ಪು ಬಂತು, 2006ರಲ್ಲಿ ಇಂಟೆಲ್ಲಿನದು, 2020ರಲ್ಲಿ ಕಂಪನಿಯ ಸ್ವಂತದ್ದು. ಪ್ರತಿಯೊಂದು ಸಲವೂ ಹಳೆಯ ತಂತ್ರಾಂಶಗಳ ಮಾತನ್ನು ಹೊಸ ಚಿಪ್ಪಿಗೆ ತಿಳಿಯಹೇಳುವ ಒಬ್ಬ ದುಭಾಷಿಯನ್ನು ಒದಗಿಸಿದರು. ಮೊದಲಿನ ಎರಡು ಸಲ ಕೆಲವು ವರ್ಷಗಳಾದ ಮೇಲೆ ದುಭಾಷಿಯನ್ನು ಬಿಡಿಸಿದರು. 2006ರಲ್ಲಿ ಪವರ್ ಪಿಸಿಯ ಕೊನೆಯ ಯಂತ್ರಗಳನ್ನು ಕೊಂಡವರಿಗೆ 2009ರಲ್ಲಿ ಬಂದ ಹೊಸ ಆಪರೇಟಿಂಗ್ ಸಿಸ್ಟಮ್ ದೊರೆಯಲಿಲ್ಲ. ದುಬಾರಿ ಬೆಲೆಯ ಯಂತ್ರಕ್ಕೆ ಮೂರೇ ವರ್ಷ! ಪೀಳಿಗೆಯ ಕೊನೆಯಲ್ಲಿ, ಅಗ್ಗವಾಯಿತೆಂದು ಕೊಳ್ಳುವವರು ಇದನ್ನು ನೆನಪಿನಲ್ಲಿಡುವುದೊಳ್ಳೆಯದು.

ಇನ್ನು ಮನೆಯ ಯಂತ್ರವು ನಿಧಾನವಾಯಿತೆಂಬ ದೂರು. ಹೊಸದನ್ನು ಕೊಳ್ಳುವ ಮುಂಚೆ ಪರೀಕ್ಷಿಸತಕ್ಕದ್ದು ಅದರ ಡಿಸ್ಕು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ತಿರುಗುತ್ತ, ಒಂದು ಸಣ್ಣ ತೋಳು ಅತ್ತಿತ್ತ ಓಡಾಡಿ ಓದಬೇಕು. ಗ್ರಾಮಾಫೋನಿನ ತಟ್ಟೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಅದರ ಬದಲು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನು ಕೂರಿಸಿ, ಸ್ಮರಣೆಯು 4 ಗಿಗಾಬೈಟು ಇದ್ದರೆ 8ಕ್ಕೆ ಏರಿಸಿದರೆ, ಮುದಿಯಂತ್ರವು ಚುರುಕಾಗಿ ಏಳುವುದನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಒಳಗಿನ ಫ್ಯಾನಿನ ಧೂಳು ತೆಗೆಸುವುದಕ್ಕಂತೂ ಹೆಚ್ಚು ಖರ್ಚಿಲ್ಲ. ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ವೇಳೆ ಸ್ಮರಣೆಯನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ; ಅಲ್ಲಿ ಈ ಉಪಾಯ ನಡೆಯದು. ಕೊಳ್ಳುವಾಗ ಎಷ್ಟು ತೆಳುವೆಂದು ನೋಡುವ ಬದಲು ಹಿಂದಿನ ಮುಚ್ಚಳ ತೆಗೆದರೆ ಏನೇನು ಬದಲಾಯಿಸಬಹುದೆಂದು ಕೇಳುವವರು ಕಡಿಮೆ.

ಯಂತ್ರ ಗಟ್ಟಿಯಿದ್ದು ವಿಂಡೋಸಿನ ಬಾಗಿಲು ಮಾತ್ರ ಮುಚ್ಚಿದ್ದರೆ, ಇನ್ನೊಂದು ಮನೆಗೆ ಹೋಗುವ ದಾರಿಯುಂಟು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬುದು ಇಂದು ಉಬುಂಟು, ಮಿಂಟ್, ಡೆಬಿಯನ್ ಮೊದಲಾದ ಅನೇಕ ರೂಪಗಳಲ್ಲಿ ಪುಕ್ಕಟೆಯಾಗಿ ದೊರೆಯುತ್ತದೆ. ನಮ್ಮ ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಬಹುಕಾಲದಿಂದ ಇದರ ಮೇಲೆಯೇ ಕಲಿಯುತ್ತಿದ್ದಾರೆ. ಪತ್ರ, ಲೆಕ್ಕದ ಪಟ್ಟಿಗಳಿಗೆ ಲಿಬ್ರೆ ಆಫೀಸ್ ಇದೆ. ಜಾಲ ನೋಡಲು ಫೈರ್‌ಫಾಕ್ಸ್ ಇದೆ. ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡು, ಯಂತ್ರದಲ್ಲಿ ಏನನ್ನೂ ಅಳಿಸದೆ ಒಂದು ವಾರ ಬಳಸಿ ನೋಡುವ ಅನುಕೂಲವೂ ಉಂಟು. ಮನೆ ಬದಲಾಯಿಸುವ ಮೊದಲು ಒಂದು ವಾರ ಅಲ್ಲಿ ಇದ್ದು ನೋಡಲು ಯಾವ ಬಾಡಿಗೆಯ ಮನೆಯವನು ಬಿಡುತ್ತಾನೆ?

ಆದರೆ ಎಲ್ಲರಿಗೂ ಇದನ್ನೇ ಹೇಳುವುದು ಸರಿಯಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ, ವರ್ತಕರೆಲ್ಲರ ಕೈಯಲ್ಲಿರುವ ಟ್ಯಾಲಿ ತಂತ್ರಾಂಶವು ವಿಂಡೋಸಿಗಾಗಿ ಮಾಡಿದ್ದು. ತೆರಿಗೆಯ ಪತ್ರಗಳಿಗೆ ಸಹಿ ಹಾಕುವ ಡಿಜಿಟಲ್ ಟೋಕನ್ನುಗಳೂ ಕೆಲವು ಪ್ರಿಂಟರುಗಳೂ ಲಿನಕ್ಸಿನಲ್ಲಿ ಹಟಮಾಡುವುದುಂಟು. ಅಂಗಡಿಯ ಲೆಕ್ಕವನ್ನು ಮನೆಯಲ್ಲಿ ಬರೆಯುವವರು ಹೊಸ ಯಂತ್ರ ಕೊಳ್ಳುವುದೇ ನೆಟ್ಟಗೆ. ಹಳೆಯದು ಮಕ್ಕಳ ಓದಿಗಾದೀತು.

ಕನ್ನಡಿಗರಿಗೆ ಈ ಸ್ಥಳಾಂತರದಲ್ಲಿ ಇಂಗ್ಲಿಷಿನವರಿಗಿಲ್ಲದ ಇನ್ನೊಂದು ತೊಡಕುಂಟು. ನಮಗೆ ಹೆಚ್ಚು ಚಿಂತೆಯಿರುವುದು ಇದರ ವಿಷಯದಲ್ಲಿಯೇ. ಎಷ್ಟೋ ಮನೆಗಳಲ್ಲಿ ಹಿರಿಯರು ನಿವೃತ್ತರಾದ ಮೇಲೆ ಕುಳಿತು ವಂಶವೃಕ್ಷವನ್ನೋ, ಊರಿನ ಚರಿತ್ರೆಯನ್ನೋ, ತಾಯಿಯ ಬಾಯಿಂದ ಕೇಳಿದ ಹಾಡುಗಳನ್ನೋ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿಟ್ಟಿದ್ದಾರೆ. ಅವರು ಈಗಿಲ್ಲ. ಕಡತವನ್ನು ಹೊಸ ಯಂತ್ರಕ್ಕೆ ತಂದು ಮೊಮ್ಮಗಳು ತೆರೆದರೆ ಕನ್ನಡದ ಒಂದಕ್ಷರವೂ ಕಾಣದೆ, ರೋಮನ್ ಅಕ್ಷರಗಳೂ ಅರ್ಥವಿಲ್ಲದ ಚಿಹ್ನೆಗಳೂ ಪುಟತುಂಬ ಚೆಲ್ಲಿರುತ್ತವೆ. ಕಡತ ಕೆಟ್ಟಿತೆಂದು ಅವಳು ಅಳಿಸಿಬಿಟ್ಟರೆ ಅಲ್ಲಿಗೆ ಮುಗಿಯಿತು.

ಕಡತ ಕೆಟ್ಟಿರುವುದಿಲ್ಲ. ಕಂಪ್ಯೂಟರು ಅಕ್ಷರವನ್ನು ಅಕ್ಷರವೆಂದು ಅರಿಯದು. ಒಂದೊಂದಕ್ಕೆ ಒಂದೊಂದು ಸಂಖ್ಯೆಯಿಟ್ಟು ಆ ಸಂಖ್ಯೆಯನ್ನು ಕಾಪಾಡುತ್ತದೆ. ಹಿಂದೆ ಈ ಸಂಖ್ಯೆಗಳಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲವಾಗಿ, ನಮ್ಮವರು ಜಾಣತನದಿಂದ ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕೃತಿಗಳನ್ನು ಕೂರಿಸಿ ಫಾಂಟುಗಳನ್ನು ಮಾಡಿದರು. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಇವು ಕನ್ನಡವನ್ನು ಮನೆಮನೆಯ ಕಂಪ್ಯೂಟರಿಗೆ ತಂದ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಆ ಫಾಂಟು ಇಲ್ಲದ ಯಂತ್ರಕ್ಕೆ ಕಡತದಲ್ಲಿ ಕಾಣುವುದು ರೋಮನ್ ಅಕ್ಷರಗಳೇ. ಶ್ರೀಲಿಪಿಯಂಥ ಇತರ ಫಾಂಟುಗಳಲ್ಲಿ ಸಂಖ್ಯೆಗಳ ಹಂಚಿಕೆಯೇ ಬೇರೆ.

ಲೋಕದ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆಗಳನ್ನು ಕೊಟ್ಟ ಯೂನಿಕೋಡಿನಲ್ಲಿ 1991ರ ಮೊದಲನೆಯ ಆವೃತ್ತಿಯಿಂದಲೇ ಕನ್ನಡವಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದನ್ನು ತೋರಿಸಲು ತುಂಗಾ ಎಂಬ ಫಾಂಟೂ ಇತ್ತು. ಆದರೂ ಅಚ್ಚಿನ ಮನೆಗಳ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಒಗ್ಗದ್ದರಿಂದ ಹಳೆಯ ಪದ್ಧತಿಯು ಬಹುಕಾಲ ನಿಂತಿತು. ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ದೊರೆಯುತ್ತವೆ. ಅವನ್ನು ಬಳಸಿದ ಮೇಲೆ ಕಣ್ಣಿಟ್ಟು ಓದಬೇಕಾದುದು ಅವಶ್ಯ. ಕರ್ಣ ಎಂದು ಬರೆಯುವಾಗ ನಾವು ರಕಾರವನ್ನು ಮೊದಲು ಉಚ್ಚರಿಸಿದರೂ ಅರ್ಕಾವತ್ತನ್ನು ಣಕಾರದ ಬಲಗಡೆಗೆ ಹಾಕುತ್ತೇವಷ್ಟೆ. ಹಳೆಯ ಫಾಂಟು ಕಣ್ಣಿಗೆ ಕಂಡ ಈ ಕ್ರಮವನ್ನೇ ಬರೆದಿಡುತ್ತದೆ. ಯೂನಿಕೋಡು ಉಚ್ಚಾರದ ಕ್ರಮದಲ್ಲಿ ರಕಾರವನ್ನು ಮುಂದಿಡುತ್ತದೆ. ಒತ್ತಕ್ಷರಗಳಲ್ಲಿಯೂ ಇಂಥ ಹಿಂದುಮುಂದುಗಳುಂಟು. ನಡುವೆ ಇಂಗ್ಲಿಷ್ ಹೆಸರುಗಳಿದ್ದರೆ ಪರಿವರ್ತಕವು ಅವನ್ನೂ ಕನ್ನಡವೆಂದೇ ಬಗೆದು ವಿಚಿತ್ರ ಪದಗಳನ್ನು ಹೆರುತ್ತದೆ. ಇನ್ನೂರು ಪುಟದ ಕುಟುಂಬಚರಿತ್ರೆಯನ್ನು ತಿದ್ದಲು ಮನೆಯಲ್ಲಿ ಇಬ್ಬರು ಕುಳಿತರೆ ಕೆಲವು ಭಾನುವಾರಗಳ ಕೆಲಸ.

ಈ ಕೆಲಸವನ್ನು ಹಳೆಯ ಯಂತ್ರವು ಇನ್ನೂ ಏಳುತ್ತಿರುವಾಗಲೇ ಮಾಡಬೇಕು. ಅದರಲ್ಲಿ ಆ ಫಾಂಟು ಇರುತ್ತದೆ, ಬರೆದ ತಂತ್ರಾಂಶವೂ ಇರುತ್ತದೆ. ಅಲ್ಲಿಯೇ ಕಡತವನ್ನು ತೆರೆದು ಪಿಡಿಎಫ್ ಮಾಡಿಟ್ಟುಕೊಂಡರೆ ಅಕ್ಷರಗಳ ಆಕೃತಿಯು ಕಡತದೊಳಗೇ ಸೇರಿ, ಯಾವ ಯಂತ್ರದಲ್ಲಾದರೂ ಕಣ್ಣಿಗೆ ಕನ್ನಡವಾಗಿ ಕಾಣುತ್ತದೆ. ತಿದ್ದುವುದಕ್ಕೆ ಯೂನಿಕೋಡಿನ ಪ್ರತಿ, ಹೋಲಿಸಿ ನೋಡುವುದಕ್ಕೆ ಪಿಡಿಎಫ್, ಸಂದೇಹ ಬಂದರೆ ಮೂಲ ಕಡತ, ಹೀಗೆ ಮೂರನ್ನೂ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡುವುದು ಮೇಲು. ಲಿನಕ್ಸಿಗೆ ಹೋದವರು ಅಲ್ಲಿಯೂ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲೇ ಕನ್ನಡ ಬರೆಯಬಹುದಾದ್ದರಿಂದ ಬೆರಳುಗಳು ಹೊಸ ಪಾಠ ಕಲಿಯಬೇಕಾಗಿಲ್ಲ.

ಕೊನೆಗೊಂದು ದಿನ ಯಂತ್ರವು ನಿಜವಾಗಿಯೇ ಕೆಡುವುದು. ಆಗ ಅದನ್ನು ಗುಜರಿಯವನ ತಕ್ಕಡಿಗೆ ಹಾಕುವವರೇ ಬಹಳ. 2022ನೆಯ ಒಂದೇ ವರ್ಷದಲ್ಲಿ ಲೋಕದಲ್ಲಿ 6 ಕೋಟಿ 20 ಲಕ್ಷ ಟನ್ನು ವಿದ್ಯುನ್ಮಾನ ಕಸ ಬಿದ್ದಿತೆಂದೂ, ಅದರಲ್ಲಿ ಕ್ರಮವರಿತು ಸಂಗ್ರಹಿಸಿದ ದಾಖಲೆಯಿರುವುದು ನೂರಕ್ಕೆ 22 ಪಾಲಿಗೆ ಮಾತ್ರವೆಂದೂ ವಿಶ್ವಸಂಸ್ಥೆಯ ವರದಿಯು ಹೇಳುತ್ತದೆ. ಉಳಿದುದರಲ್ಲಿ ಎಷ್ಟೋ ಭಾಗವನ್ನು ಬರಿಗೈಯಲ್ಲಿ ಒಡೆದು, ತಂತಿ ಸುಟ್ಟು ತಾಮ್ರ ತೆಗೆಯುತ್ತಾರೆ. ಸೀಸದ ಹೊಗೆ ಅವರ ಮಕ್ಕಳ ಮೂಗಿಗೆ ಹೋಗುತ್ತದೆ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳು ಇದರ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದುದರಿಂದ ಕೊಂಡ ಕಂಪನಿಯವರನ್ನೇ ಎಲ್ಲಿ ಒಪ್ಪಿಸಬೇಕೆಂದು ಕೇಳಬಹುದು. ಒಪ್ಪಿಸುವ ಮುಂಚೆ ಡಿಸ್ಕಿನ ವಿಚಾರ ಮರೆಯಕೂಡದು. ಕಡತವನ್ನು ಅಳಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ, ಅದರ ಹೆಸರು ಪಟ್ಟಿಯಿಂದ ತೆಗೆದಂತಾಗುತ್ತದೆ ಅಷ್ಟೆ. ಬಲ್ಲವರು ಮತ್ತೆ ಹೊರತೆಗೆಯುತ್ತಾರೆ. ಡಿಸ್ಕನ್ನು ಕಳಚಿ ಮನೆಯಲ್ಲೇ ಉಳಿಸಿಕೊಂಡು ಮಿಕ್ಕದ್ದನ್ನು ಕೊಡುವುದು ಸುಲಭೋಪಾಯ. ಅದನ್ನು ಕೂರಿಸಲು ಅಂಗಡಿಯಲ್ಲಿ ಸಣ್ಣ ಡಬ್ಬಿಗಳು ಸಿಗುತ್ತವೆ. ತಂತಿಯನ್ನು ಹೊಸ ಯಂತ್ರಕ್ಕೆ ಚುಚ್ಚಿದರೆ ಹಳೆಯ ಫೋಟೋಗಳೂ ಅಜ್ಜನ ಕಡತಗಳೂ ಇದ್ದಲ್ಲಿಯೇ ಇರುತ್ತವೆ.